ಹೆಸರಘಟ್ಟದ ‘ಅರ್ಕಾ’ ತರಕಾರಿ ಬೀಜಗಳು: ನಮ್ಮ ತಾರಸಿಯಲ್ಲಿ ಹದಿನಾಲ್ಕು ತಿಂಗಳು

ತಾರಸಿಯಲ್ಲಿ ತರಕಾರಿ ಬೆಳೆಯಬೇಕೆಂದು ಹೊರಡುವವರು ಗ್ರೋ ಬ್ಯಾಗ್ ಎಲ್ಲಿ ಅಗ್ಗ, ಮಣ್ಣನ್ನು ಯಾರು ತಂದು ಹಾಕುತ್ತಾರೆ, ಎರೆಗೊಬ್ಬರ ಎಷ್ಟು ಬೇಕು ಎಂಬುದನ್ನೆಲ್ಲ ಹತ್ತು ಕಡೆ ವಿಚಾರಿಸುತ್ತಾರೆ. ಬೀಜವನ್ನು ಮಾತ್ರ ಕೈಗೆ ಸಿಕ್ಕಿದ್ದನ್ನು ತಂದು ಹಾಕುತ್ತಾರೆ. ನಾನೂ ಹಾಗೆಯೇ ಮಾಡಿ ಒಂದು ಇಡೀ ಮುಂಗಾರನ್ನು ಕಳೆದುಕೊಂಡ ಮೇಲೆ, ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಬೀಜಗಳಿಗೆ ಬಂದೆ. ಹೋದ ವರ್ಷದ ಅಕ್ಟೋಬರ್‌ನಿಂದ ಈ ಡಿಸೆಂಬರ್‌ವರೆಗೆ, ಬೆಂಗಳೂರಿನ ಬಾಗಲಗುಂಟೆಯ ನಮ್ಮ ಮನೆಯ ತಾರಸಿಯಲ್ಲಿ, ನಲವತ್ತೆರಡು ಬ್ಯಾಗುಗಳಲ್ಲಿ, ಆ ಸಂಸ್ಥೆಯ ಎಂಟು ತಳಿಗಳನ್ನು ಬೆಳೆದು ನೋಡಿದ್ದೇನೆ. ಹೊಸದಾಗಿ ಕೈತೋಟ ಆರಂಭಿಸುವವರಿಗೆ ಈ ಬೀಜಗಳಿಂದ ಏನನ್ನು ನಿರೀಕ್ಷಿಸಬಹುದು, ಏನನ್ನು ನಿರೀಕ್ಷಿಸಬಾರದು ಎಂಬುದನ್ನು ಬರೆದಿಡುವುದು ಉಪಯುಕ್ತ ಎನಿಸಿತು.

ಕಳೆದುಹೋದ ಮುಂಗಾರಿನ ಕಥೆಯನ್ನು ಮೊದಲು ಹೇಳಬೇಕು, ಏಕೆಂದರೆ ಬೀಜದ ಬೆಲೆ ನನಗೆ ತಿಳಿದದ್ದು ಅಲ್ಲಿಯೇ. ಆನ್‌ಲೈನ್ ಅಂಗಡಿಯೊಂದರಿಂದ ನಲವತ್ತು ಬಗೆಯ ಬೀಜಗಳ ಒಂದು ಕಟ್ಟನ್ನು ತರಿಸಿದ್ದೆ. ಪೊಟ್ಟಣಗಳ ಮೇಲೆ ‘ಬೆಂಡೆ’, ‘ಟೊಮೆಟೊ’, ‘ಮೆಣಸಿನಕಾಯಿ’ ಎಂದಷ್ಟೇ ಇತ್ತು. ತಳಿಯ ಹೆಸರಿರಲಿಲ್ಲ, ಮೊಳಕೆ ಪರೀಕ್ಷೆಯ ದಿನಾಂಕವೂ ಇರಲಿಲ್ಲ. ಬೆಂಡೆ ಹುಟ್ಟಿತು, ಬೆಳೆಯಿತು, ಆದರೆ ಐದನೆಯ ವಾರದ ಹೊತ್ತಿಗೆ ಎಲೆಯ ನರಗಳು ಒಂದೊಂದಾಗಿ ಹಳದಿ ದಾರ ಪೋಣಿಸಿದಂತೆ ಕಾಣತೊಡಗಿ, ಮುಂದಿನ ಹತ್ತು ದಿನಗಳಲ್ಲಿ ಇಡೀ ಗಿಡವೇ ಹಳದಿಯಾಯಿತು. ಬಿಟ್ಟ ನಾಲ್ಕು ಕಾಯಿಗಳೂ ಬಿಳಚಿಕೊಂಡು ನಾರಾಗಿದ್ದವು. ಟೊಮೆಟೊ ಗಿಡಗಳದ್ದು ಇನ್ನೂ ಬೇಸರದ ಸಂಗತಿ: ಬೆಳಿಗ್ಗೆ ಹಸಿರಾಗಿ ನಿಂತಿದ್ದ ಗಿಡ ಮಧ್ಯಾಹ್ನಕ್ಕೆ ಬಾಡಿ, ನೀರು ಹಾಕಿದರೂ ಏಳದೆ, ಎರಡು ದಿನದಲ್ಲಿ ಹಸಿರು ಬಣ್ಣದಲ್ಲಿಯೇ ಸತ್ತುಹೋಗುತ್ತಿತ್ತು. ಯಾರೋ ಹೇಳಿದಂತೆ ಬುಡದ ಕಾಂಡವನ್ನು ಕತ್ತರಿಸಿ ಗಾಜಿನ ಲೋಟದ ನೀರಿನಲ್ಲಿ ನಿಲ್ಲಿಸಿದಾಗ, ಕತ್ತರಿಸಿದ ಜಾಗದಿಂದ ಹಾಲಿನಂಥ ಬಿಳಿಯ ಎಳೆಗಳು ನಿಧಾನವಾಗಿ ಕೆಳಗಿಳಿದವು. ದುಂಡಾಣು ಸೊರಗು ರೋಗದ ಗುರುತು ಅದು, ಮಣ್ಣಿನಿಂದ ಬರುವಂಥದ್ದು. ನನಗೆ ಮಣ್ಣು ಹಾಕಿಸಿದವರು ಅದನ್ನು ಯಾವ ಹೊಲದಿಂದ ತಂದಿದ್ದರೋ ತಿಳಿಯದು.

ಆ ಸೆಪ್ಟೆಂಬರ್‌ನಲ್ಲಿ ತಾರಸಿ ತೋಟದವರು ಸೇರಿ ಬೀಜ ವಿನಿಮಯ ಮಾಡಿಕೊಳ್ಳುವ ಕಡೆ ಹೋಗಿದ್ದೆ. ಬೆಂಗಳೂರಿನಲ್ಲಿ ಇಂಥ ಕೂಟಗಳ ರೂಢಿ ಚೆನ್ನಾಗಿ ಬೇರೂರಿದೆ, ಬಿ.ಎನ್. ವಿಶ್ವನಾಥ್ ಅವರಂಥ ಹಿರಿಯರು ತಾರಸಿ ತೋಟದ ತರಬೇತಿ ನೀಡಿ, ‘ಊಟ ಫ್ರಂ ಯುವರ್ ತೋಟ’ ಎಂಬ ಮೇಳಗಳ ಮೂಲಕ ನಗರದವರಿಗೆ ಇದರ ರುಚಿ ಹತ್ತಿಸಿದ್ದಾರೆ. ಅಲ್ಲಿ ಒಬ್ಬ ಹಿರಿಯರ ಮುಂದೆ ನನ್ನ ಬೆಂಡೆಯ ಕಷ್ಟವನ್ನೆಲ್ಲ ಹೇಳಿಕೊಂಡೆ. ಅವರು ಪೂರ್ತಿ ಕೇಳಿಸಿಕೊಂಡು ಒಂದೇ ಪ್ರಶ್ನೆ ಕೇಳಿದರು: “ತಳಿ ಯಾವುದಮ್ಮ?” ನನ್ನಲ್ಲಿ ಉತ್ತರವಿರಲಿಲ್ಲ. ಗೊಬ್ಬರದ ಹೆಸರು ಗೊತ್ತಿತ್ತು, ಬೇವಿನ ಎಣ್ಣೆಯ ಅಳತೆ ಗೊತ್ತಿತ್ತು, ಮೂರು ತಿಂಗಳು ನೀರೆರೆದ ಗಿಡದ ಹೆಸರು ಗೊತ್ತಿರಲಿಲ್ಲ.

ಹೆಸರಘಟ್ಟದ ಸಂಸ್ಥೆ 1967ರಲ್ಲಿ ಭಾರತೀಯ ಕೃಷಿ ಸಂಶೋಧನಾ ಪರಿಷತ್ತಿನಡಿ ಆರಂಭವಾದದ್ದು. ಅದು ಬಿಡುಗಡೆ ಮಾಡಿದ ತಳಿಗಳ ಹೆಸರಿನ ಮುಂದೆ ‘ಅರ್ಕಾ’ ಎಂದು ಇರುವುದು ಅರ್ಕಾವತಿ ನದಿಯ ನೆನಪಿಗೆ. ನಂದಿಬೆಟ್ಟದ ಸೀಮೆಯಲ್ಲಿ ಹುಟ್ಟುವ ಈ ನದಿಗೆ ಅಡ್ಡಲಾಗಿ ಕಟ್ಟಿದ ಹೆಸರಘಟ್ಟ ಕೆರೆಯಿಂದಲೇ 1890ರ ದಶಕದಲ್ಲಿ ಬೆಂಗಳೂರಿಗೆ ಕೊಳಾಯಿ ನೀರು ಬಂದಿತ್ತು. ನಮ್ಮ ಮನೆಯ ಮುಂದಿನ ರಸ್ತೆಯೇ ಆ ಕೆರೆಯ ಕಡೆಗೆ ಹೋಗುತ್ತದೆ. ಹನ್ನೊಂದು ವರ್ಷ ಅದೇ ರಸ್ತೆಯಲ್ಲಿ ಓಡಾಡಿದ ಮೇಲೆ, ಆ ದಾರಿಯ ಕೊನೆಯಲ್ಲಿ ನನ್ನ ಪ್ರಶ್ನೆಗೆ ಉತ್ತರವಿದೆ ಎಂದು ತಿಳಿಯಿತು.

ಬೀಜಗಳನ್ನು ಸಂಸ್ಥೆಯ ಆವರಣದ ಮಾರಾಟ ಕೇಂದ್ರದಲ್ಲಿ ಕೊಳ್ಳಬಹುದು, ಸಂಸ್ಥೆಯ ಬೀಜ ಪೋರ್ಟಲ್ ಮೂಲಕ ಮನೆಗೂ ತರಿಸಿಕೊಳ್ಳಬಹುದು. ಎರಡನ್ನೂ ಮಾಡಿದ್ದೇನೆ. ದೂರದ ಊರಿನವರಿಗೆ ಪೋರ್ಟಲ್ ಅನುಕೂಲ. ಆದರೆ ಒಮ್ಮೆಯಾದರೂ ಹೋಗಿ ಬರುವುದು ಒಳ್ಳೆಯದು, ಅದರಲ್ಲಿಯೂ ಸಾಮಾನ್ಯವಾಗಿ ವರ್ಷದ ಮೊದಲ ತಿಂಗಳುಗಳಲ್ಲಿ ನಡೆಯುವ ತೋಟಗಾರಿಕಾ ಮೇಳದ ದಿನಗಳಲ್ಲಿ. ಪೊಟ್ಟಣದ ಮೇಲಿನ ಚಿತ್ರ ನೋಡಿ ಕೊಳ್ಳುವುದಕ್ಕೂ, ಅದೇ ತಳಿ ಸಾಲುಗಟ್ಟಿ ನಿಂತ ತಾಕನ್ನು ಸುತ್ತಿ, ಗಿಡ ಎಷ್ಟೆತ್ತರ ಬರುತ್ತದೆ, ನನ್ನ ಬ್ಯಾಗಿನಲ್ಲಿ ಹಿಡಿಸುತ್ತದೆಯೇ ಎಂದು ಕಣ್ಣಳತೆ ಹಾಕಿ ಕೊಳ್ಳುವುದಕ್ಕೂ ಬಹಳ ವ್ಯತ್ಯಾಸವಿದೆ.

ಬೀಜವನ್ನು ಎಲ್ಲಿಯೇ ಕೊಳ್ಳಲಿ, ಚೀಟಿಯನ್ನು ಓದುವುದನ್ನು ಎಲ್ಲರೂ ಕಲಿಯಬೇಕು. 1966ರ ಬೀಜ ಕಾಯ್ದೆಯ ನಿಯಮಗಳಂತೆ ಚೀಟಿಯ ಮೇಲೆ ತಳಿಯ ಹೆಸರು, ಮೊಳಕೆಯ ಶೇಕಡಾ ಪ್ರಮಾಣ, ಪರೀಕ್ಷೆಯ ದಿನಾಂಕ ಇರಬೇಕು; ಪರೀಕ್ಷೆ ಮಾಡಿದ ದಿನದಿಂದ ಒಂಬತ್ತು ತಿಂಗಳವರೆಗೆ ಆ ಮಾತಿಗೆ ಬೆಲೆ. ಬೆಂಡೆಗೆ ಶೇ. 65, ಟೊಮೆಟೊಗೆ ಶೇ. 70, ಮೆಣಸಿನಕಾಯಿಗೆ ಶೇ. 60, ಹುರುಳಿಕಾಯಿಗೆ ಶೇ. 75 ಮೊಳಕೆ ಇದ್ದರೆ ಪ್ರಮಾಣಿತ ಬೀಜದ ಮಟ್ಟ ಮುಟ್ಟಿದಂತೆ. ಹತ್ತು ಬೆಂಡೆ ಬೀಜದಲ್ಲಿ ಮೂರು ಹುಟ್ಟಲಿಲ್ಲವೆಂದು ನೊಂದುಕೊಳ್ಳುವವರಿಗೆ ಇದು ತಿಳಿದಿದ್ದರೆ ಸಮಾಧಾನ. ಕುಣಿಗೆ ಎರಡೆರಡು ಬೀಜ ಹಾಕಿ, ಆಮೇಲೆ ಬಲವಾದುದನ್ನು ಉಳಿಸಿಕೊಳ್ಳುವ ಹಳೆಯ ಪದ್ಧತಿಯ ಅರ್ಥವೂ ಆಗುತ್ತದೆ.

ಈಗ ಬೆಂಡೆಯ ಮಾತು. ‘ಅರ್ಕಾ ಅನಾಮಿಕ’ ತಳಿಯನ್ನು ನಾನು ಬೇಕೆಂದೇ ಫೆಬ್ರುವರಿಯ ಮೊದಲ ವಾರದಲ್ಲಿ ಬಿತ್ತಿದೆ, ಏಕೆಂದರೆ ನನ್ನ ಹಿಂದಿನ ಬೆಂಡೆಯನ್ನು ಹಾಳುಮಾಡಿದ ಹಳದಿ ನಂಜು (ವೈರಸ್) ರೋಗವನ್ನು ಗಿಡದಿಂದ ಗಿಡಕ್ಕೆ ಹೊತ್ತು ತರುವ ಬಿಳಿನೊಣಗಳ ಕಾಟ ನಮ್ಮಲ್ಲಿ ಬೇಸಿಗೆಯಲ್ಲಿಯೇ ಹೆಚ್ಚು; ಪರೀಕ್ಷೆ ಮಾಡುವುದಾದರೆ ಕಷ್ಟದ ಕಾಲದಲ್ಲಿಯೇ ಮಾಡಬೇಕೆನಿಸಿತು. ಈ ತಳಿಯ ಹುಟ್ಟಿನ ವಿಚಾರ ತಿಳಿದುಕೊಳ್ಳುವಂಥದ್ದು. ನಾವು ತಿನ್ನುವ ಬೆಂಡೆಯಲ್ಲಿ ಈ ರೋಗವನ್ನು ತಡೆಯುವ ಗುಣ ಕಡಿಮೆ. ಅದಕ್ಕಾಗಿ ಸಂಸ್ಥೆಯ ವಿಜ್ಞಾನಿಗಳು ಬೆಂಡೆಯನ್ನು ಅದರ ಕಾಡು ನೆಂಟನೊಂದಿಗೆ ಸಂಕರಿಸಿ, ತಲೆಮಾರಿನಿಂದ ತಲೆಮಾರಿಗೆ ಆರಿಸುತ್ತ, ಕಾಡು ಗಿಡದ ಗಟ್ಟಿತನವನ್ನು ಉಳಿಸಿಕೊಂಡು ಅಡುಗೆಮನೆಗೆ ಒಗ್ಗುವ ಎಳೆಯ ಕಾಯಿಯನ್ನು ಪಡೆದರು. ಇದಕ್ಕೆ ಮೊದಲು ದೇಶವೆಲ್ಲ ಹರಡಿದ್ದ ‘ಪೂಸಾ ಸಾವನಿ’ ಎಂಬ ಬೆಂಡೆ ತಳಿ ಕಾಲಕ್ರಮದಲ್ಲಿ ಈ ರೋಗಕ್ಕೆ ಮಣಿದಿತ್ತು. ಅನಾಮಿಕಕ್ಕೂ ಈಗ ಕೆಲವು ಪ್ರದೇಶಗಳಲ್ಲಿ ರೋಗ ತಗಲುತ್ತಿದೆ, ನಂಜು ತಾನೂ ರೂಪ ಬದಲಿಸಿಕೊಳ್ಳುತ್ತದೆ. ಆದುದರಿಂದ ಯಾವ ತಳಿಯನ್ನೂ ರೋಗವೇ ಬಾರದ ತಳಿ ಎಂದು ತಿಳಿಯಬಾರದು.

ಬೀಜವನ್ನು ರಾತ್ರಿಯಿಡೀ ನೀರಿನಲ್ಲಿ ನೆನೆಸಿ, ಹನ್ನೆರಡು ಇಂಚಿನ ಬ್ಯಾಗಿಗೆ ಒಂದು ಗಿಡದಂತೆ ಹನ್ನೆರಡು ಗಿಡ ಉಳಿಸಿಕೊಂಡೆ. ಯುಗಾದಿಯ ಹಿಂದಿನ ವಾರ ಮೊದಲ ಹೂ ಅರಳಿತು. ಬೆಂಡೆಯ ಹೂವನ್ನು ಹತ್ತಿರದಿಂದ ನೋಡದವರು ಒಮ್ಮೆ ನೋಡಬೇಕು: ತೆಳು ಹಳದಿಯ ಐದು ದಳ, ನಡುವೆ ಗಾಢ ಕೆನ್ನೇರಳೆಯ ಬಟ್ಟಲು, ಬೆಳಗಿನ ಬಿಸಿಲು ಅದರೊಳಗೆ ಇಳಿದಾಗ ದೀಪ ಹಚ್ಚಿಟ್ಟ ಹಾಗೆ ಕಾಣುತ್ತದೆ. ಸಂಜೆಗೆ ಮುದುಡಿ ಮರುದಿನ ಉದುರುತ್ತದೆ, ಅದರ ಬುಡದಲ್ಲಿ ಬೆರಳ ತುದಿಯಷ್ಟು ಕಾಯಿ. ಅಲ್ಲಿಂದ ಐದಾರು ದಿನದಲ್ಲಿ ಕೊಯ್ಯಲೇಬೇಕು. ಒಂದು ದಿನ ಮರೆತರೂ ತುದಿ ಮುರಿದರೆ ಪಟ್ಟೆನ್ನದೆ ಬಳುಕುತ್ತದೆ. ಹನ್ನೆರಡು ಗಿಡಗಳಿಂದ ದಿನ ಬಿಟ್ಟು ದಿನ ಹದಿನೈದರಿಂದ ಇಪ್ಪತ್ತು ಕಾಯಿ, ಅಂದರೆ ನಾಲ್ಕು ಜನರಿಗೆ ಒಂದು ಹೊತ್ತಿನ ಪಲ್ಯ ಇಲ್ಲವೇ ಗೊಜ್ಜು, ಎರಡು ತಿಂಗಳ ಕಾಲ ಬಂದಿತು. ಮೇ ತಿಂಗಳಲ್ಲಿ ಹಳದಿ ಅಂಟು ಹಾಳೆಯ ತುಂಬ ಬಿಳಿನೊಣಗಳು ಅಂಟಿಕೊಂಡಿದ್ದವು, ಆದರೂ ಹನ್ನೆರಡರಲ್ಲಿ ಒಂದು ಗಿಡದ ಎಲೆಯಲ್ಲಿಯೂ ಆ ಹಳದಿ ದಾರ ಕಾಣಲಿಲ್ಲ. ಹಿಂದಿನ ವರ್ಷ ಅದೇ ಜಾಗದಲ್ಲಿ ಗಿಡಗಳನ್ನು ಕಿತ್ತು ಸುಟ್ಟಿದ್ದ ನನಗೆ ದಿನಾ ಬೆಳಿಗ್ಗೆ ಎಲೆಗಳನ್ನು ತಿರುವಿ ನೋಡುವುದೇ ಒಂದು ಸಂತೋಷವಾಗಿತ್ತು. ನಮ್ಮ ಅತ್ತೆಯವರು, ಮೊದಲ ವರ್ಷ ತಾರಸಿ ಮೆಟ್ಟಿಲು ಹತ್ತದಿದ್ದವರು, ಏಪ್ರಿಲ್‌ನಿಂದ ಕೊಯ್ಲನ್ನು ತಾವೇ ವಹಿಸಿಕೊಂಡರು. “ಇವತ್ತು ತರಕಾರಿ ಗಾಡೀನ ನಿಲ್ಲಿಸ್ಬೇಡ ಕಣಮ್ಮ, ಮೇಲೆ ಇದೆ” ಎಂದು ಅವರು ಹೇಳಿದ ದಿನ ನನ್ನ ಎಲ್ಲ ಖರ್ಚೂ ತೀರಿತು ಎನಿಸಿತು.

ಟೊಮೆಟೊಗೆ ಆರಿಸಿಕೊಂಡದ್ದು ‘ಅರ್ಕಾ ರಕ್ಷಕ್’. ಎ.ಟಿ. ಸದಾಶಿವ ಅವರ ನೇತೃತ್ವದಲ್ಲಿ ರೂಪುಗೊಂಡ ಈ ಸಂಕರಣ ತಳಿ ಎಲೆ ಮುದುಡು ನಂಜು, ದುಂಡಾಣು ಸೊರಗು ಮತ್ತು ಎಲೆ ಅಂಗಮಾರಿ ಎಂಬ ಮೂರು ರೋಗಗಳನ್ನು ಒಟ್ಟಿಗೆ ತಡೆದುಕೊಳ್ಳುತ್ತದೆ. ಸೊರಗಿನಿಂದ ಗಿಡ ಕಳೆದುಕೊಂಡಿದ್ದ ನನಗೆ ಬೇಕಾಗಿದ್ದುದು ಅದೇ. ಹಳೆಯ ಮಣ್ಣನ್ನು ಹೊರಗೆ ಹಾಕಿಸಿ ಹೊಸದನ್ನು ತುಂಬಿಸಿದ್ದರೂ, ಪರೀಕ್ಷೆಗೆಂದು ಎರಡು ಬ್ಯಾಗುಗಳಲ್ಲಿ ಅದೇ ಸೊರಗು ಬಂದ ಮಣ್ಣನ್ನು ಉಳಿಸಿ, ಅವುಗಳಲ್ಲಿಯೂ ರಕ್ಷಕ್ ಸಸಿ ನೆಟ್ಟೆ. ಎರಡೂ ಉಳಿದವು. ಇದು ಎರಡು ಗಿಡಗಳ ಮಾತು, ಪ್ರಯೋಗ ಎನ್ನುವಷ್ಟು ದೊಡ್ಡದಲ್ಲ. ಆದರೆ ನನ್ನ ಮನಸ್ಸಿನ ಅನುಮಾನ ಹರಿಯಲು ಸಾಕಾಯಿತು.

ಈ ತಳಿಯ ಬಗ್ಗೆ ಕೈತೋಟದವರು ತಿಳಿದಿರಬೇಕಾದ ಎರಡು ವಿಚಾರಗಳಿವೆ. ಹೊಲದಲ್ಲಿ ಹನಿ ನೀರಾವರಿ, ರಸಗೊಬ್ಬರ, ಕೋಲು ಕಟ್ಟಿದ ಸಾಲುಗಳಲ್ಲಿ ಒಂದು ಗಿಡಕ್ಕೆ ಹದಿನೆಂಟು ಕಿಲೋವರೆಗೆ ಇಳುವರಿ ಬಂದದ್ದು ಪ್ರಸಿದ್ಧವಾಗಿದೆ. ಹದಿನೈದು ಇಂಚಿನ ಬ್ಯಾಗಿನಲ್ಲಿ ಅದನ್ನು ನಿರೀಕ್ಷಿಸುವುದು ಗಿಡಕ್ಕೆ ಮಾಡುವ ಅನ್ಯಾಯ. ನನಗೆ ಗಿಡಕ್ಕೆ ಸರಾಸರಿ ಮೂರು ಕಿಲೋ ಬಂದಿತು, ಅದನ್ನು ಬಹಳ ಒಳ್ಳೆಯ ಫಲವೆಂದೇ ಎಣಿಸುತ್ತೇನೆ. ಎರಡನೆಯದಾಗಿ, ಇದು ಎಫ್1, ಅಂದರೆ ಎರಡು ತಳಿಗಳನ್ನು ಕೂಡಿಸಿದ ಮೊದಲ ತಲೆಮಾರಿನ ಸಂಕರಣವಾದ್ದರಿಂದ ಹಣ್ಣಿನ ಬೀಜವನ್ನು ತೆಗೆದಿಟ್ಟು ಬಿತ್ತಿದರೆ ತಾಯಿಯ ಗುಣ ಹಾಗೆಯೇ ಬರುವುದಿಲ್ಲ. ಪ್ರತಿ ಸಲ ಹೊಸ ಬೀಜ ಕೊಳ್ಳಬೇಕು. ಹಣ್ಣು ಗಟ್ಟಿ ತಿರುಳಿನದು, ದೂರದ ಮಾರುಕಟ್ಟೆಗೆ ಕೆಡದೆ ತಲುಪುವ ಗುಣವನ್ನೂ ನೋಡಿ ರೂಪಿಸಿದ್ದು, ಹಣ್ಣಾಗಿ ಎರಡು ವಾರ ಮನೆಯ ಬುಟ್ಟಿಯಲ್ಲಿ ಚೆನ್ನಾಗಿಯೇ ಇರುತ್ತದೆ. ಸಾರಿಗೆ ನಾಟಿ ಟೊಮೆಟೊದ ಹುಳಿಯೇ ಬೇಕೆನ್ನುವವರು ಒಂದೆರಡು ನಾಟಿ ಗಿಡವನ್ನೂ ಪಕ್ಕದಲ್ಲಿ ಇಟ್ಟುಕೊಳ್ಳಲಿ. ನಾನು ಹಾಗೆಯೇ ಮಾಡುತ್ತಿದ್ದೇನೆ.

ಸೊಪ್ಪುಗಳ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಹೊಸಬರು ಮೊದಲು ಬಿತ್ತಬೇಕಾದದ್ದು ಅವನ್ನೇ. ದಂಟಿನಲ್ಲಿ ಹಸಿರು ಎಲೆಯ ‘ಅರ್ಕಾ ಸುಗುಣ’, ಕೆನ್ನೇರಳೆ ಎಲೆಯ ‘ಅರ್ಕಾ ಅರುಣಿಮಾ’ ಎರಡೂ ಕೊಯ್ದಷ್ಟೂ ಚಿಗುರುವ ತಳಿಗಳು. ಬಿತ್ತಿದ ನಾಲ್ಕು ವಾರಕ್ಕೆ ಮೊದಲ ಕೊಯ್ಲು, ಬುಡದಿಂದ ನಾಲ್ಕು ಬೆರಳು ಬಿಟ್ಟು ಕತ್ತರಿಸಿದರೆ ಮತ್ತೆ ಹತ್ತು ಹದಿನೈದು ದಿನಕ್ಕೊಮ್ಮೆ ಬಸ್ಸಾರಿಗೆ ಆಗುವಷ್ಟು. ಸಾಸಿವೆಗಿಂತ ಸಣ್ಣ ಬೀಜವಾದ್ದರಿಂದ ಒಣ ಮರಳಿನೊಂದಿಗೆ ಬೆರೆಸಿ ಎರಚಿದರೆ ಸಮನಾಗಿ ಬೀಳುತ್ತದೆ. ಹುರುಳಿಕಾಯಿಯಲ್ಲಿ ‘ಅರ್ಕಾ ಕೋಮಲ್’ ಕೋಲು, ಚಪ್ಪರ ಯಾವುದನ್ನೂ ಕೇಳದ ಗಿಡ್ಡ ಜಾತಿ. ಎರಡೂವರೆ ತಿಂಗಳಲ್ಲಿ ಆಟ ಮುಗಿಯುತ್ತದೆ, ಹದಿನೈದು ದಿನದ ಅಂತರದಲ್ಲಿ ನಾಲ್ಕು ನಾಲ್ಕು ಗಿಡ ಬಿತ್ತುತ್ತ ಹೋದರೆ ಕಾಯಿ ಕಡಿಯುವುದಿಲ್ಲ. ಬದನೆಯಲ್ಲಿ ಸೊರಗು ರೋಗ ತಡೆಯುವ ‘ಅರ್ಕಾ ನೀಲಕಂಠ್’ ಗೊಂಚಲಿನಲ್ಲಿ ನೇರಳೆ ಬಣ್ಣದ ಸಣ್ಣ ಕಾಯಿ ಬಿಡುತ್ತದೆ, ಎಣ್ಣೆಗಾಯಿಗೆ ಹೇಳಿ ಮಾಡಿಸಿದಂತಿದೆ.

ಹೀರೆಯ ಬಗ್ಗೆ ಮಾತ್ರ ಸ್ವಲ್ಪ ನಿಂತು ಹೇಳಬೇಕು, ಏಕೆಂದರೆ ಬೀಜ ಎಷ್ಟೇ ಒಳ್ಳೆಯದಿದ್ದರೂ ತಾರಸಿಯಲ್ಲಿ ನಮ್ಮ ಕೈ ಸೇರದಿದ್ದರೆ ಕಾಯಿ ನಿಲ್ಲದ ಗಿಡ ಅದು. ‘ಅರ್ಕಾ ಸುಮೀತ್’ ಬಳ್ಳಿಗಳು ಎರಡು ದೊಡ್ಡ ಡ್ರಮ್ಮುಗಳಿಂದ ಹಬ್ಬಿ ನೀರಿನ ಟ್ಯಾಂಕಿನ ಸುತ್ತ ಕಟ್ಟಿದ ಚಪ್ಪರವನ್ನು ತುಂಬಿದ್ದವು. ಮೊದಲ ಎರಡು ವಾರ ಬೆರಳುದ್ದದ ಪಿಂದೆಗಳು ಹಳದಿಯಾಗಿ ಉದುರಿದವು. ತಪ್ಪು ನನ್ನದೇ ಆಗಿತ್ತು: ನಾನು ಬೆಳಿಗ್ಗೆ ಏಳಕ್ಕೆ ಹೋಗಿ ಪರಾಗಸ್ಪರ್ಶ ಮಾಡುತ್ತಿದ್ದೆ, ಹೀರೆಯ ಹೂವಾದರೋ ಅರಳುವುದು ಸಂಜೆ. ಆ ಮೇಲೆ ಕಚೇರಿಯಿಂದ ಬಂದವಳೇ ಆರೂವರೆಗೆ ತಾರಸಿಗೆ ಹೋಗಿ, ಗೊಂಚಲಿನಲ್ಲಿ ಬರುವ ಗಂಡು ಹೂವೊಂದನ್ನು ಕಿತ್ತು, ದಳಗಳನ್ನು ಹಿಂದಕ್ಕೆ ಮಡಚಿ, ಬುಡದಲ್ಲಿ ಪುಟ್ಟ ಕಾಯಿ ಹೊತ್ತ ಹೆಣ್ಣು ಹೂವಿನ ನಡುವಿಗೆ ಮೆಲ್ಲಗೆ ಮುಟ್ಟಿಸತೊಡಗಿದೆ. ಹಳದಿ ಪುಡಿ ಅಂಟಿದ್ದು ಕಣ್ಣಿಗೆ ಕಾಣುತ್ತದೆ. ಮೂರನೆಯ ದಿನಕ್ಕೆ ಪಿಂದೆ ಹಸಿರಾಗಿಯೇ ಉಳಿದು ನೆಲದ ಕಡೆ ಬಾಗಿದರೆ ಕಾಯಿ ನಿಂತಿತೆಂದು ಅರ್ಥ. ಹಣ್ಣುನೊಣ ಚುಚ್ಚದಂತೆ ಹಳೆಯ ಪತ್ರಿಕೆಯ ಕೊಳವೆ ಮಾಡಿ ಮುಚ್ಚಿದೆ. ಒಂದು ಬೇಸಿಗೆಗೆ ಇಪ್ಪತ್ತಾರು ಕಾಯಿ ಕೊಯ್ದೆವು. ಸಿಪ್ಪೆಯ ಚಟ್ನಿಯೂ ವ್ಯರ್ಥವಾಗಲಿಲ್ಲ.

ಬೀಜದೊಂದಿಗೆ ಇನ್ನೆರಡು ಉತ್ಪನ್ನಗಳನ್ನೂ ತಂದಿದ್ದೆ. ‘ಅರ್ಕಾ ಮೈಕ್ರೋಬಿಯಲ್ ಕನ್ಸಾರ್ಷಿಯಂ’ ಎಂಬುದು ಸಾರಜನಕವನ್ನು ಹಿಡಿಯುವ, ರಂಜಕ ಮತ್ತು ಸತುವನ್ನು ಕರಗಿಸಿ ಬೇರಿಗೆ ದೊರಕಿಸುವ ಜೀವಾಣುಗಳನ್ನು ಒಂದೇ ಪುಡಿಯಲ್ಲಿ ಸೇರಿಸಿದ ಗೊಬ್ಬರ; ಅದು ಜೀವಂತ ವಸ್ತು, ಬಿಸಿಲಿನಲ್ಲಿ ಇಡಬಾರದು, ಅವಧಿ ನೋಡಿ ಕೊಳ್ಳಬೇಕು. ‘ಅರ್ಕಾ ವೆಜಿಟಬಲ್ ಸ್ಪೆಷಲ್’ ಎಲೆಗೆ ಸಿಂಪಡಿಸುವ ಲಘು ಪೋಷಕಾಂಶಗಳ ಮಿಶ್ರಣ, ಬಳಸುವಾಗ ನಿಂಬೆರಸ ಮತ್ತು ಸ್ವಲ್ಪ ಶಾಂಪೂ ಬೆರೆಸಿಕೊಳ್ಳಬೇಕು. ಬ್ಯಾಗಿನ ಮಣ್ಣಿನಿಂದ ನೀರಿನೊಂದಿಗೆ ಪೋಷಕಾಂಶ ಬೇಗ ಹರಿದುಹೋಗುವುದರಿಂದ ಎರಡನೆಯದು ತಾರಸಿಗೆ ನಿಜವಾಗಿ ಬೇಕಾದದ್ದು; ಎಳೆ ಎಲೆಗಳ ಬಿಳಚು ಎರಡು ಸಿಂಪಡಣೆಯಲ್ಲಿ ಹೋಯಿತು. ಮೊದಲನೆಯದರ ಫಲವನ್ನು ಬೇರೆಯಾಗಿ ಅಳೆಯಲು ನನ್ನಿಂದ ಆಗಿಲ್ಲ, ಎರೆಗೊಬ್ಬರವನ್ನೂ ಜೊತೆಗೆ ಹಾಕುತ್ತಿದ್ದೆ. ಸಸಿ ಮಾಡಲು ಬೇಕಾದ ಕೋಕೋಪೀಟನ್ನು (ತೆಂಗಿನ ನಾರಿನ ಪುಡಿ) ಮಾತ್ರ ಬೇರೆ ಕಡೆ ಕೊಂಡಿದ್ದೆ. ಅದನ್ನು ನೆನೆಸಿದ ನೀರು ಚಹಾದಂತೆ ಕಂದಾಗಿತ್ತು, ತೊಳೆಯದೆ ಸಸಿ ಮಾಡಿದ್ದ ಮೊದಲ ತಟ್ಟೆಯ ಮೆಣಸಿನ ಸಸಿಗಳು ಅಂಚು ಸುಟ್ಟು ಕುಗ್ಗಿದವು; ನೀರು ತಿಳಿಯಾಗುವವರೆಗೆ ನಾಲ್ಕು ಸಲ ತೊಳೆದು ಹಿಂಡಿದ ಮೇಲೆ ಸರಿಹೋಯಿತು.

ಖರ್ಚಿನ ಲೆಕ್ಕದಲ್ಲಿ, ಬ್ಯಾಗು, ಮಣ್ಣು, ಗೊಬ್ಬರ, ನೆರಳು ಬಲೆ, ಚಪ್ಪರದ ತಂತಿ ಸೇರಿ ಒಂಬತ್ತು ಸಾವಿರ ರೂಪಾಯಿ ದಾಟಿತು. ಹದಿನಾಲ್ಕು ತಿಂಗಳ ಬೀಜಕ್ಕೆ ಆದದ್ದು ಐದುನೂರು ರೂಪಾಯಿಯ ಒಳಗೆ. ಇಡೀ ತೋಟದ ಹಣೆಬರಹ ನಿಂತಿರುವುದು ಅತ್ಯಂತ ಕಡಿಮೆ ಹಣ ಹೋಗುವ ಈ ವಸ್ತುವಿನ ಮೇಲೆ ಎಂಬುದನ್ನು ನೋಡಿದರೆ, ಗೊತ್ತಿರುವ ತಳಿಯನ್ನು, ಅದನ್ನು ರೂಪಿಸಿದವರಿಂದಲೇ ಕೊಳ್ಳಿರೆಂದು ಹೇಳಲು ನನಗೆ ಯಾವ ಸಂಕೋಚವೂ ಇಲ್ಲ.

ಹಾಗೆಂದು ಎಲ್ಲವನ್ನೂ ಅಲ್ಲಿಂದಲೇ ತರಬೇಕೆಂದಲ್ಲ. ಅವರೆಯ ಉದಾಹರಣೆ ಕೊಡುತ್ತೇನೆ. ನಮ್ಮ ಹಳೆಯ ಅವರೆ ಹಗಲು ಕಿರಿದಾಗುವವರೆಗೆ ಹೂ ಬಿಡುವುದಿಲ್ಲ, ಅದಕ್ಕೇ ಅದು ಚಳಿಗಾಲದ ಬೆಳೆ. ‘ಅರ್ಕಾ ಜಯ್’ ಹಗಲಿನ ಉದ್ದಕ್ಕೆ ಕಾಯದ ಗಿಡ್ಡ ತಳಿ. ಏಪ್ರಿಲ್‌ನಲ್ಲಿ ಬಿತ್ತಿದ್ದು ಜೂನ್ ಕೊನೆಗೆ ಕಾಯಿ ಕೊಟ್ಟಿತು, ಸಿಪ್ಪೆ ಸಹಿತ ಹೆಚ್ಚಿ ಪಲ್ಯ ಮಾಡಲು ಸೊಗಸಾಗಿತ್ತು. ಆದರೆ ಹಿತಕಿದ ಬೇಳೆಯ ಹುಳಿಗೆ, ಇಬ್ಬನಿ ಬಿದ್ದ ಸೊಗಡಿನ ಅವರೆಯೇ ಬೇಕು, ಅದಕ್ಕಾಗಿ ತವರಿನಿಂದ ತಂದ ನಾಟಿ ಬೀಜವನ್ನು ಆಗಸ್ಟ್‌ನಲ್ಲಿ ಬೇರೆಯಾಗಿ ಬಿತ್ತಿದ್ದೇನೆ, ಈಗ ಹೂ ತುಂಬಿದೆ. ನಾಟಿ ಬೀಜಗಳನ್ನು ಕಾಪಾಡುವ ‘ಸಹಜ ಸಮೃದ್ಧ’ದಂಥ ಬಳಗಗಳಿಂದ ಮೈಸೂರಿನ ಈರನಗೆರೆ ಬದನೆಯನ್ನು ಹುಡುಕಿ ತರುವ ಆಸೆಯೂ ಇದೆ. ತಾರಸಿಯಲ್ಲಿ ಎರಡಕ್ಕೂ ಜಾಗವಿದೆ.

ಅನಾಮಿಕ ಬೆಂಡೆ ರಕ್ಷಕ್‌ನಂತೆ ಎಫ್1 ಸಂಕರಣವಲ್ಲ, ತಲೆಮಾರುಗಟ್ಟಲೆ ಆರಿಸಿ ಸ್ಥಿರಗೊಳಿಸಿದ ತಳಿ, ಆದ್ದರಿಂದ ಅದರ ಬೀಜವನ್ನು ನಾವೇ ಇಟ್ಟುಕೊಳ್ಳಬಹುದು. ದುಂಬಿಗಳು ಬೇರೆ ಬೆಂಡೆಯ ಪರಾಗ ತಂದು ಬೆರೆಸದಂತೆ ಒಂದೇ ತಳಿಯನ್ನು ಬೆಳೆಸಿದರಾಯಿತು. ಈ ಸಲದ ಗಿಡಗಳಲ್ಲಿ ಬಲವಾದ ಮೂರನ್ನು ಆರಿಸಿ, ಒಂದೊಂದರಲ್ಲಿ ಒಂದೊಂದು ಕಾಯಿಯನ್ನು ಕೊಯ್ಯದೆ ಬಿಟ್ಟಿದ್ದೆ. ಒಣಗಿ, ಏಣುಗಳುದ್ದಕ್ಕೂ ಬಿರುಕು ಬಿಟ್ಟು, ಅಲ್ಲಾಡಿಸಿದರೆ ಗಿಲಕಿಯಂತೆ ಸದ್ದು ಮಾಡತೊಡಗಿದ ಮೇಲೆ ಮೊನ್ನೆ ಭಾನುವಾರ ಅತ್ತೆಯವರು ಮೊರದಲ್ಲಿ ಬಿಡಿಸಿ ಎಣಿಸಿದರು, ನೂರಾ ನಲವತ್ತೆಂಟು. ಬೂದಿ ಸವರಿ ನೆರಳಿನಲ್ಲಿ ಒಣಗಿಸಿದ್ದನ್ನು ಹನ್ನೆರಡು ಹನ್ನೆರಡರಂತೆ ಕಾಗದದ ಪೊಟ್ಟಣ ಕಟ್ಟಿದ್ದೇವೆ. ಮುಂದಿನ ಬೀಜ ವಿನಿಮಯಕ್ಕೆ ಅವನ್ನು ಒಯ್ಯುತ್ತೇನೆ. ಪ್ರತಿ ಪೊಟ್ಟಣದ ಮೇಲೂ ತಳಿಯ ಹೆಸರನ್ನು, ಕೊಯ್ದ ತಿಂಗಳನ್ನು ದಪ್ಪ ಅಕ್ಷರದಲ್ಲಿ ಬರೆದಿದ್ದೇನೆ.